ಎಲ್ಲಕ್ಕೂ ಒಂದೇ ಕೋಲು

ಕಾವೇರಿ ದಂಡೆಯಲ್ಲಿ ಮಹಶೀರ್ ಹಿಡಿದು ಪಳಗಿದ ಕೈಗೆ ಟ್ರೌಟ್ ಮೀನಿನ ಗಾಳ ಮೊದಮೊದಲು ಮಕ್ಕಳ ಆಟದ ಸಾಮಾನಿನಂತೆ ಕಾಣುತ್ತದೆ. ಅಲ್ಲಿ ಬೇಯಿಸಿದ ರಾಗಿ ಹಿಟ್ಟಿನ ನಿಂಬೆಗಾತ್ರದ ಉಂಡೆ, ಜೊತೆಗೊಂದು ಸೀಸದ ತುಂಡು. ತೋಳಿನ ಬಲವನ್ನೆಲ್ಲ ಹಾಕಿ ಬೀಸಿದರೆ ಆ ಭಾರವೇ ದಾರವನ್ನು ಎಳೆದುಕೊಂಡು ನಡುಹೊಳೆಗೆ ಹೋಗಿ ಬೀಳುತ್ತದೆ. ಇಲ್ಲಿ ಎರೆಯೆಂದರೆ ಕೋಳಿಯ ಪುಕ್ಕ, ಮೊಲದ ತುಪ್ಪಳ, ಒಂದಿಷ್ಟು ರೇಷ್ಮೆ ದಾರ ಇವನ್ನು ಸಣ್ಣ ಕೊಕ್ಕೆಗೆ ಸುತ್ತಿ ಮಾಡಿದ ಸುಳ್ಳು ನೊಣ. ಅಂಗೈ ಮೇಲಿಟ್ಟು ಊದಿದರೆ ಹಾರಿಹೋಗುವಂಥದ್ದು. ಅದನ್ನು ನಲವತ್ತು ಅಡಿ ಆಚೆಗೆ ಎಸೆಯುವುದು ಹೇಗೆ? ಹತ್ತಿಯ ಚೂರೊಂದನ್ನು ದೂರಕ್ಕೆ ಎಸೆದು ನೋಡಿ, ಕಷ್ಟ ಗೊತ್ತಾಗುತ್ತದೆ.

ನಿಜ ಹೇಳಬೇಕೆಂದರೆ ನೊಣವನ್ನು ಯಾರೂ ಎಸೆಯುವುದಿಲ್ಲ. ಎಸೆಯುವುದು ದಾರವನ್ನು. ಪ್ಲಾಸ್ಟಿಕ್ ಲೇಪದ ದಪ್ಪ ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಹೋಗುತ್ತದೆ, ನೊಣ ಅದರ ಬಾಲ ಹಿಡಿದು ಹಿಂಬಾಲಿಸುತ್ತದೆ. ಹಾಗಾಗಿ ಈ ವಿದ್ಯೆಯಲ್ಲಿ ತೂಕವೆಂಬುದು ದಾರದ್ದು, ಕೋಲಿನ ಕೆಲಸ ಆ ತೂಕವನ್ನು ಹೊತ್ತು ಬಾಗುವುದು ಮತ್ತೆ ನೆಟ್ಟಗಾಗುವುದು. ಕೋಲಿನ ಮೇಲೆ ಬರೆದಿರುವ ನಂಬರು ಕೋಲಿನ ತೂಕವಲ್ಲ, ಅದು ಹೊರಬಲ್ಲ ದಾರದ್ದು. ದಾರದ ಮೊದಲ 30 ಅಡಿ ಎಷ್ಟು ತೂಗುತ್ತದೆ ಎನ್ನುವುದರ ಮೇಲೆ 1960ರ ದಶಕದಲ್ಲಿ ಅಮೆರಿಕದ ತಯಾರಕರು ಈ ಲೆಕ್ಕ ಕಟ್ಟಿದರು. ಅಕ್ಕಸಾಲಿಗರಿಗೆ ಗುಲಗಂಜಿ ಇದ್ದಂತೆ ಇವರಿಗೆ ಗ್ರೇನ್. ಮೂರನೇ ನಂಬರಿಗೆ 100 ಗ್ರೇನ್, ಐದಕ್ಕೆ 140, ಎಂಟಕ್ಕೆ 210. ಐದನೇ ನಂಬರಿನ 30 ಅಡಿ ದಾರ ಹೆಚ್ಚುಕಡಿಮೆ 9 ಗ್ರಾಂ. ಒಂದು ಸಣ್ಣ ಉಂಗುರದ ತೂಕ ಎನ್ನಿ, ಇಡೀ ವಿದ್ಯೆ ನಿಂತಿರುವುದು ಅದರ ಮೇಲೆ.

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಈ ನಂಬರಿನ ಪ್ರಶ್ನೆ ಎದುರಾದದ್ದು ಟೆಲಿಫೋನಿನಲ್ಲಿ. ಭೀಮೇಶ್ವರಿಯ ಬಂಡೆಗಳ ಮೇಲೆ ಹಲವು ಬೇಸಿಗೆ ಕಳೆದವರು. 2010ರ ಆಸುಪಾಸಿನಲ್ಲಿ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವುದಕ್ಕೆ ತಡೆ ಬಿದ್ದಮೇಲೆ ಮಹಶೀರಿನ ಆಸೆ ಬಿಟ್ಟು, ಹಿಮಾಚಲದ ತೀರ್ಥನ್ ಹೊಳೆಯ ಕಡೆ ಮುಖ ಮಾಡಿದ್ದರು. ಎರಡು ಸಲ ಬಾಡಿಗೆ ಕೋಲಿನಲ್ಲೇ ಕಾಲ ಹಾಕಿದ್ದರು. ಅಮೆರಿಕದಿಂದ ಬರಲಿದ್ದ ಅಕ್ಕನ ಮಗ ಕೇಳಿದ: 'ಮಾವ, ಒಂದು ಕೋಲಿಗೆ ಮಾತ್ರ ಜಾಗ ಇದೆ ಸೂಟ್‌ಕೇಸ್‌ನಲ್ಲಿ. ಮೂರು ತರ್ಲಾ, ಐದು ತರ್ಲಾ, ಎಂಟು ತರ್ಲಾ?'

ಮಾವನ ಬಾಯಲ್ಲಿ ಮೊದಲು ಬಂದದ್ದು ಎಂಟು. ಬರದೆ ಏನು? 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದ ಕಥೆ ಕೇಳಿ ಬೆಳೆದ ಊರಿನವರು. ಕೋಲು ಗಟ್ಟಿಯಿರಬೇಕು ಎನ್ನುವುದು ಅಲ್ಲಿನವರ ರಕ್ತದಲ್ಲಿದೆ. ಆದರೆ ತೀರ್ಥನ್ ಹೊಳೆಯ ಟ್ರೌಟ್ ಸಾಮಾನ್ಯವಾಗಿ ಗೇಣುದ್ದ, ಒಂದೂವರೆ ಗೇಣುದ್ದ. ಮೊಳದುದ್ದದ್ದು ಬಂದರೆ ಆ ದಿನ ಹಬ್ಬ. ತಿಳಿನೀರಿನಲ್ಲಿ ಎಂಟನೇ ನಂಬರಿನ ದಾರ ಹಗ್ಗ ಬಿದ್ದಂತೆ ಬೀಳುತ್ತದೆ. ಅಲ್ಲಿದ್ದ ಮೀನೆಲ್ಲ ಕಲ್ಲಿನಡಿಗೆ ಓಡಿ, ಅರ್ಧ ಗಂಟೆ ಹೊರಗೆ ಬರುವುದಿಲ್ಲ.

ಹಾಗಾದರೆ ಮೂರನ್ನೇ ತರಿಸಬಹುದಿತ್ತಲ್ಲ? ಕೋಲು ಹಗುರ, ದಾರ ಹಗುರ, ನೊಣ ನೀರಿಗೆ ಇಳಿಯುವುದು ಎಲೆಯ ಮೇಲೆ ಮಂಜು ಕೂತಂತೆ. ಗೇಣುದ್ದದ ಮೀನೂ ಅದರಲ್ಲಿ ಕೋಲನ್ನು ಬುಡದವರೆಗೆ ಬಗ್ಗಿಸುತ್ತದೆ, ಹಿಡಿದವನಿಗೆ ಮೊಸಳೆ ಹಿಡಿದ ಸಂತೋಷ. ಈ ಸಂತೋಷದಲ್ಲೇ ಒಂದು ಮೋಸವಿದೆ. ಹಿಂದಿನ ವರ್ಷ ಗುಶೈನಿಯ ಮೇಲ್ಗಡೆ ಪ್ರವಾಸಿಯೊಬ್ಬ ಇಂಥದೇ ಎಳೆಗೋಲಿನಲ್ಲಿ ದೊಡ್ಡದೊಂದು ಕಂದು ಟ್ರೌಟನ್ನು ಆಡಿಸುತ್ತಿದ್ದುದನ್ನು ಈ ಅಧಿಕಾರಿ ಎದುರು ದಂಡೆಯಿಂದ ನೋಡಿದ್ದರು. ಹತ್ತು ನಿಮಿಷ ಕಳೆಯಿತು, ಹದಿನೈದಾಯಿತು. ಎಳೆಯುವಷ್ಟು ಬಲ ಕೋಲಿಗೆ ಇಲ್ಲ, ಬಿಡುವ ಮನಸ್ಸು ಅವನಿಗಿಲ್ಲ. ಕಡೆಗೊಮ್ಮೆ ಮೀನು ಕೈಗೆ ಬಂತು, ಫೋಟೋ ಆಯಿತು, ನೀರಿಗೆ ಬಿಟ್ಟಾಯಿತು. ಬಿಟ್ಟ ಮೀನು ಒಂದು ಮಾರು ಈಜಿ, ಪಕ್ಕಕ್ಕೆ ವಾಲಿ, ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ಸೆಳವಿನಲ್ಲಿ ಕೊಚ್ಚಿಹೋಯಿತು. ಅವನು ಆಗಲೇ ಹಿಂದಿರುಗಿ ಫೋಟೋ ನೋಡುತ್ತಿದ್ದ.

ದಣಿದ ಮೀನಿನ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಬಿಟ್ಟ ಎಷ್ಟೋ ಹೊತ್ತಿನ ಮೇಲೂ ಅದು ಸಾಯಬಹುದು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಟ್ರೌಟ್‌ಗೆ ಗಾಳ ಹಾಕುವುದನ್ನೇ ನಿಲ್ಲಿಸಬೇಕು ಎನ್ನುತ್ತಾರೆ ತಿಳಿದವರು. ಅಂದಮೇಲೆ ಕೋಲಿನ ಆಯ್ಕೆಗೆ ಎರಡು ಕಡೆಯಿಂದ ಎಳೆತ. ನೊಣ ಸದ್ದಿಲ್ಲದೆ ಇಳಿಯಬೇಕು ಎನ್ನುವುದು ಹಗುರ ಕೋಲಿನ ಕಡೆಗೆ ಎಳೆಯುತ್ತದೆ, ಸಿಕ್ಕ ಮೀನು ಬೇಗ ಕೈಗೆ ಬಂದು ಬೇಗ ನೀರಿಗೆ ಹೋಗಬೇಕು ಎನ್ನುವುದು ಗಟ್ಟಿ ಕೋಲಿನ ಕಡೆಗೆ. ಒಂಬತ್ತು ಅಡಿಯ ಐದನೇ ನಂಬರು ಎಲ್ಲಕ್ಕೂ ಆಗುತ್ತದೆ ಎಂದು ಅಂಗಡಿಯವರು ಹೇಳುವುದು ವ್ಯಾಪಾರದ ಮಾತೇ ಇರಬಹುದು. ಆದರೂ ಈ ಎರಡು ಎಳೆತ ಸಂಧಿಸುವುದು ಅಲ್ಲೇ. ಅಧಿಕಾರಿಗಳು ಎಂಟನ್ನು ನುಂಗಿಕೊಂಡು ಐದು ಎಂದರು.

ಅಂಗಡಿಯಲ್ಲಿ ಆಮೇಲೂ ಒಂದು ಪರೀಕ್ಷೆ ಉಂಟು. ಒಂದೇ ನಂಬರಿನ ಕೋಲುಗಳಲ್ಲೂ ತುದಿಯಲ್ಲಷ್ಟೇ ಬಾಗುವ ಬಿರುಸಿನವು ಇವೆ, ಹಿಡಿಯವರೆಗೂ ಬಳುಕುವ ನಿಧಾನದವು ಇವೆ. ಬಿರುಸಿನ ಕೋಲು ದಾರವನ್ನು ಎಪ್ಪತ್ತೆಂಬತ್ತು ಅಡಿ ಒಗೆದು ನೋಡುವವರ ಕಣ್ಣು ಕುಕ್ಕಿಸುತ್ತದೆ. ಆದರೆ ಟ್ರೌಟ್ ಸಿಕ್ಕುವುದು ಹೆಚ್ಚಾಗಿ ಇಪ್ಪತ್ತರಿಂದ ನಲವತ್ತು ಅಡಿಯೊಳಗೆ. ಆದ್ದರಿಂದ ದಾರ ಹಾಕಿಸಿ, ಹದಿನೈದಿಪ್ಪತ್ತು ಅಡಿ ಮಾತ್ರ ಹೊರಗೆ ಬಿಟ್ಟು ಬೀಸಿ ನೋಡಬೇಕು. ಅಷ್ಟರಲ್ಲೇ ಕೋಲು ಬಾಗಿದ್ದು ಕೈಗೆ ತಿಳಿದರೆ ಅದು ಹೊಳೆಯ ಕೋಲು, ತಿಳಿಯದಿದ್ದರೆ ಬಯಲಿನ ಕೋಲು. ಕೈಗೆ ತಿಳಿಯುವುದು ಎಂದರೇನೆಂದು ಕೇಳಬೇಡಿ. ಸೌದೆ ಸೀಳುವವನಿಗೆ ಕೊಡಲಿ ಸರಿಯಾಗಿ ಬಿದ್ದದ್ದು ತಿಳಿಯುವುದಿಲ್ಲವೇ, ಹಾಗೆ. ಬಿರುಸು ಮತ್ತು ನಿಧಾನದ ನಡುವಿನದು ಒಬ್ಬನೇ ಕೋಲಿನವನಿಗೆ ಸರಿ. ನಾಲ್ಕು ತುಂಡಿನದಾದರೆ ಒಂದೊಂದು ತುಂಡೂ ಎರಡೂಕಾಲು ಅಡಿ, ರೈಲಿನ ಸೀಟಿನಡಿ ಹಿಡಿಸುತ್ತದೆ. ರೀಲಿನ ಮೇಲೆ ಹೆಚ್ಚು ಹಣ ಸುರಿಯಬೇಕಿಲ್ಲ, ಈ ಗಾತ್ರದ ಮೀನಿಗೆ ಅದು ದಾರ ಸುತ್ತಿಡುವ ಡಬ್ಬಿ. ಉಳಿಸಿದ ಹಣವನ್ನು ದಾರಕ್ಕೆ ಹಾಕಬೇಕು. ಸಾಧಾರಣ ಕೋಲಿಗೆ ಒಳ್ಳೆಯ ದಾರ ನಡೆಯುತ್ತದೆ, ಒಳ್ಳೆಯ ಕೋಲಿಗೆ ಕೆಟ್ಟ ದಾರ ನಡೆಯುವುದಿಲ್ಲ.

ಈಗಿನ ಕೋಲುಗಳೆಲ್ಲ ಗ್ರಾಫೈಟಿನವು, 1970ರ ದಶಕದಲ್ಲಿ ಬಂದವು. ಅದಕ್ಕೆ ಮೊದಲು ಫೈಬರ್‌ಗ್ಲಾಸ್, ಅದಕ್ಕೂ ಮೊದಲು ಬಿದಿರು. ಬಿದಿರೆಂದರೆ ಮಲೆನಾಡಿನ ಹುಡುಗರು ಕಡಿದು, ಬೆಂಡು ಕಟ್ಟಿ, ಎರೆಹುಳು ಸಿಕ್ಕಿಸುವ ಇಡೀ ಗಳುವಲ್ಲ. ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಒಂದು ಜಾತಿಯ ಬಿದಿರನ್ನು ಸೀಳಿ, ಆರು ಮೂರುಮೂಲೆ ಪಟ್ಟಿಗಳನ್ನು ಕೂಡಿಸಿ ಅಂಟಿಸಿದ ಆರು ಮುಖದ ಕೋಲು. 1950ರಲ್ಲಿ ಅಮೆರಿಕ ಚೀನಾದೊಂದಿಗೆ ವ್ಯಾಪಾರ ನಿಲ್ಲಿಸಿದಾಗ ಆ ಬಿದಿರು ಬರುವುದೂ ನಿಂತು, ಫೈಬರ್‌ಗ್ಲಾಸಿಗೆ ದಾರಿ ಸುಲಭವಾಯಿತು. ಬಿದಿರಿನ ಕೋಲಿಗೆ ಈಗಲೂ ಭಕ್ತರಿದ್ದಾರೆ. ಭಕ್ತಿಗೆ ತಕ್ಕ ಬೆಲೆಯೂ ಇದೆ.

ಇನ್ನು ಬೀಸುವ ವಿಷಯ. ಮಹಶೀರಿನ ಕೈಗೆ ಕಷ್ಟವಾದದ್ದು ಬಲ ಬಿಡುವುದಲ್ಲ, ಕಾಯುವುದು. ಕೋಲನ್ನು ಹಿಂದಕ್ಕೆ ಬೀಸಿ, ಗಡಿಯಾರದ ಮುಳ್ಳು ಒಂದು ಗಂಟೆಯಲ್ಲಿರುವಂತೆ ನಿಲ್ಲಿಸಬೇಕು. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಸುಮ್ಮನಿರಬೇಕು. ಆಮೇಲೆ ಮುಂದಕ್ಕೆ, ಹತ್ತು ಗಂಟೆಗೆ ನಿಲುಗಡೆ. ದಾರ ಬಿಚ್ಚುವ ಮೊದಲೇ ಮುಂದೆ ಬೀಸಿದರೆ ಚಾಟಿಯಂತೆ ಚಟ್ ಎನ್ನುತ್ತದೆ. ಆ ಸದ್ದು ಬಂತೆಂದರೆ ಬಹುಮಟ್ಟಿಗೆ ನೊಣ ಕಿತ್ತುಹೋಯಿತೆಂದೇ ಲೆಕ್ಕ. ಬೆನ್ನ ಹಿಂದೆ ಆಗುತ್ತಿರುವುದು ಕಣ್ಣಿಗೆ ಕಾಣದು, ನಂಬಿ ನಿಲ್ಲಬೇಕು. ಮೂವತ್ತು ವರ್ಷ ಲೆಡ್ಜರ್ ತಾಳೆ ನೋಡಿದವರಿಗೆ ಕಾಣದ್ದನ್ನು ನಂಬುವುದು ಸುಲಭವೇ? ಗೈಡ್ ಹುಡುಗ ಹಿಂದಿಯಲ್ಲಿ ಒಂದೇ ಮಾತು ಹೇಳುತ್ತಿದ್ದ, ನಿಲ್ಲಿ ಸಾಬ್, ನಿಲ್ಲಿ ಎಂದು.

ಹಿಂದೆ ಮರವಿದ್ದರೆ ನಿಲ್ಲುವುದಕ್ಕೂ ಜಾಗವಿಲ್ಲ. ಅಲ್ಲಿ ದಾರವನ್ನು ನೀರಿನ ಮೇಲೆಯೇ ಮೆಲ್ಲಗೆ ಎಳೆದು ತಂದು, ಕೋಲಿನ ಪಕ್ಕದಲ್ಲಿ ಜೋಲು ಬಿಟ್ಟು, ಒಂದೇ ಪೆಟ್ಟಿಗೆ ಮುಂದಕ್ಕೆ ಉರುಳಿಸುತ್ತಾರೆ. ತೀರ್ಥನ್ ದಂಡೆಯಲ್ಲಿ ಅರ್ಧ ದಿನ ನಡೆಯುವುದು ಈ ಉರುಳು ಬೀಸಿನಿಂದಲೇ. ಕೋಲು ಒಂಬತ್ತು ಅಡಿ ಇರಬೇಕೆನ್ನುವುದೂ ಇದಕ್ಕೇ. ಇನ್ನೊಂದು ಕಾರಣ, ಬಂಡೆಗಳ ನಡುವೆ ಒಂದೊಂದು ಸೆಳವಿಗೆ ಒಂದೊಂದು ವೇಗ. ನಡುವಿನ ಬಿರುಸು ನೀರು ದಾರವನ್ನು ಎಳೆದರೆ ಆಚೆ ತೇಲುವ ನೊಣವೂ ಎಳೆದಂತೆ ಓಡುತ್ತದೆ. ನೊಣ ಹಾಗೆ ಓಡುವುದನ್ನು ಟ್ರೌಟ್ ಹುಟ್ಟಿದಾಗಿನಿಂದ ನೋಡಿಲ್ಲ, ಮೂಸಿಯೂ ನೋಡುವುದಿಲ್ಲ. ಉದ್ದ ಕೋಲಿದ್ದರೆ ದಾರವನ್ನು ಆ ಸೆಳವಿನಿಂದ ಮೇಲೆತ್ತಿ ಹಿಡಿಯಬಹುದು, ಇಲ್ಲವೆ ಮೇಲಿನ ಕಡೆಗೆ ತಿರುವಿ ಹಾಕಬಹುದು.

ಒಂದೇ ದಿನದಲ್ಲಿ ಕೋಲು ಮೂರು ವೇಷ ಹಾಕುತ್ತದೆ. ಬಿಸಿಲೇರಿ ನೀರಿನ ಮೇಲೆ ಹುಳು ಏಳುವ ಹೊತ್ತಿಗೆ ತೇಲುವ ನೊಣ. ಅದು ನಿಂತಮೇಲೆ ತಳಕ್ಕೆ ಇಳಿಯುವ ಮರಿಹುಳುವಿನ ವೇಷ, ಕಲ್ಲುಗಳ ನಡುವೆ ಉರುಳುತ್ತ ಹೋಗಬೇಕು. ನೀರು ಕೊಂಚ ಕದಡಿದ್ದರೆ ಮರಿಮೀನಿನಂಥ ಉದ್ದ ಗರಿಯದು. ಬದಲಾಗುವುದು ದಾರದ ತುದಿಯ ಸಣ್ಣ ಎಳೆ ಮಾತ್ರ. ಅದರ ದಪ್ಪಕ್ಕೂ ನಂಬರು ಉಂಟು, ಅದು ಉಲ್ಟಾ. ಹನ್ನೊಂದರಿಂದ ನಂಬರನ್ನು ಕಳೆದರೆ ಇಂಚಿನ ಸಾವಿರದ ಎಷ್ಟನೇ ಭಾಗ ಎಂದು ಬರುತ್ತದೆ. 4ಎಕ್ಸ್ ಎಂದರೆ ಏಳು, 5ಎಕ್ಸ್ ಎಂದರೆ ಆರು. ಬ್ಯಾಂಕಿನವರಿಗೆ ಈ ಲೆಕ್ಕ ಬಹಳ ಹಿಡಿಸಿತು.

ಭಾರದ ಗರಿಗೆ ಮಾತ್ರ ಐದು ಸಾಲದು. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಮೇಲಕ್ಕೆ ಬೀಸತೊಡಗಿದರೆ ದಾರ ನಡುವೆ ಮುರಿದಂತಾಗಿ ಆ ಗರಿ ತಲೆಯ ಹಿಂಬದಿಗೇ ಬಂದು ಬಡಿಯುತ್ತದೆ. ಎದುರು ದಂಡೆಯ ಬಂಡೆಯಡಿ ಆಳದ ಮಡುವೊಂದಿದೆ, ದೊಡ್ಡ ಮೀನು ಇರುವುದು ಅಲ್ಲೇ ಎಂದು ಗೈಡ್ ಪ್ರತಿಸಲವೂ ತೋರಿಸುತ್ತಾನೆ. ಆ ಗಾಳಿಯಲ್ಲಿ ಅಲ್ಲಿಗೆ ಗರಿ ತಲುಪಿಸಲು ಏಳನೇ ನಂಬರು ಬೇಕು. ಅಧಿಕಾರಿಗಳು ಅದನ್ನು ನೋಡಿ ಮುಂದೆ ನಡೆಯುತ್ತಾರೆ.

ಕಂದು ಟ್ರೌಟ್ ಇಲ್ಲಿಯದಲ್ಲ. ಬ್ರಿಟನ್ನಿನ ಮೊಟ್ಟೆಗಳು 1900ರಲ್ಲಿ ಕಾಶ್ಮೀರಕ್ಕೆ ಬಂದು, ಅಲ್ಲಿಂದ 1909ರಲ್ಲಿ ಕುಲ್ಲುವಿಗೆ ಬಂದವು. ಈಗ ಹಿಮಾಚಲದಲ್ಲಿ ಇದನ್ನು ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಮೊಟ್ಟೆಯಿಡುವ ಚಳಿಗಾಲ ನವೆಂಬರಿನಿಂದ ಫೆಬ್ರವರಿಯವರೆಗೆ ಗಾಳಕ್ಕೆ ರಜೆ. ಹೊರಗಿನಿಂದ ಬಂದ ಮೀನಿಗೆ ಇಷ್ಟು ಉಪಚಾರವೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಕೊಕ್ಕೆಗೆ ಸಿಕ್ಕಿರುವ ಮೀನಿನ ಮುಂದೆ ಆ ಚರ್ಚೆ ನಡೆಯುವುದಿಲ್ಲ. ಐದನೇ ನಂಬರಿನ ಕೋಲನ್ನು ಆಕಾಶಕ್ಕೆ ಎತ್ತದೆ ಪಕ್ಕಕ್ಕೆ ವಾಲಿಸಿ, ಬುಡದ ಬಲ ಉಪಯೋಗಿಸಿ, ಮೀನು ಎಡಕ್ಕೆ ಓಡಿದರೆ ಬಲಕ್ಕೆ, ಬಲಕ್ಕೆ ಓಡಿದರೆ ಎಡಕ್ಕೆ ಎಳೆದರೆ ಒಂದೂವರೆ ಗೇಣಿನ ಟ್ರೌಟ್ ಎರಡು ನಿಮಿಷದಲ್ಲಿ ಕೈಬಲೆಗೆ ಬರುತ್ತದೆ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಮಟ್ಟ ಮಾಡಿಟ್ಟಿದ್ದರೆ ಬಿಡಿಸುವುದೂ ಕ್ಷಣದ ಕೆಲಸ. ಕೈ ಒದ್ದೆ ಮಾಡಿಕೊಳ್ಳಬೇಕು, ಮೀನಿನ ತಲೆಯನ್ನು ಸೆಳವಿಗೆ ಎದುರಾಗಿ ಹಿಡಿಯಬೇಕು. ಅದು ತಾನಾಗಿ ಬಾಲ ಬಡಿದು ಹೋದಮೇಲೆಯೇ ಮುಂದಿನ ಮಾತು.

ಕೋಲು ಮೀನಿನಿಂದ ಮುರಿಯುವುದು ಅಪರೂಪ, ಕಾರಿನ ಬಾಗಿಲಿಗೆ ಸಿಕ್ಕಿ ಮುರಿಯುವುದೇ ಹೆಚ್ಚು. ಜೋಡಣೆಗಳು ಬೀಸಿ ಬೀಸಿ ಸಡಿಲವಾಗುತ್ತವೆ, ಗಂಟೆಗೊಮ್ಮೆ ಒತ್ತಿ ನೋಡಿಕೊಳ್ಳಬೇಕು. ಹಾಗೆ ನೋಡದವರ ಕೋಲಿನ ತುದಿ ಬಾಣದಂತೆ ಹಾರಿ ಹೊಳೆಗೆ ಬಿದ್ದದ್ದುಂಟು. ಎಲ್ಲಕ್ಕಿಂತ ಮುಖ್ಯ, ಗ್ರಾಫೈಟ್ ವಿದ್ಯುತ್ತನ್ನು ಹರಿಸುತ್ತದೆ. ಗುಡುಗು ಕೇಳಿಸಿದೊಡನೆ ಕೋಲನ್ನು ಕೆಳಗಿಟ್ಟು ದೂರ ಹೋಗಬೇಕು. ಹೊಳೆಯಿಂದ ರಸ್ತೆಗೆ ಹತ್ತುವಾಗ ಕರೆಂಟಿನ ತಂತಿ ಎಲ್ಲಿದೆಯೆಂದು ನೋಡದೆ ಒಂಬತ್ತು ಅಡಿಯ ಕೋಲನ್ನು ಹೆಗಲ ಮೇಲೆ ಹೊತ್ತು ನಡೆಯಬಾರದು. ಅಧಿಕಾರಿಗಳು ದಂಡೆಯಲ್ಲೇ ಕೂತು ನಾಲ್ಕು ತುಂಡನ್ನೂ ಬಿಡಿಸಿಕೊಂಡು ಹೊರಡುತ್ತಾರೆ. ರಾತ್ರಿ ಕೋಣೆಯಲ್ಲಿ ಒಂದೊಂದನ್ನೂ ಒರೆಸಿ, ಬಟ್ಟೆಯ ಚೀಲವನ್ನು ಕಿಟಕಿಗೆ ಒಣಹಾಕುತ್ತಾರೆ. ಒದ್ದೆ ಚೀಲದಲ್ಲಿಟ್ಟು ಕೊಳವೆಗೆ ಮುಚ್ಚಳ ಹಾಕಿದರೆ ಕಾರ್ಕಿನ ಹಿಡಿಗೆ ಬೂಷ್ಟು ಬರುತ್ತದೆ, ಮೈಸೂರಿಗೆ ಮೂರು ದಿನದ ದಾರಿ.