ಎರಡು ಪ್ರತಿಗಳಿದ್ದರೂ ಏಳದ ಯಂತ್ರ



ಸಮಾಜ ವಿಜ್ಞಾನ ಬೋಧಿಸಿ ನಿವೃತ್ತನಾದ ಮೇಷ್ಟರೊಬ್ಬ ಗಣಕಯಂತ್ರದ ವಿಷಯ ಬರೆಯಹೊರಟಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಈ ವಿದ್ಯೆಯಲ್ಲಿ ನನ್ನ ಶಿಷ್ಯರೇ ನನಗೆ ಗುರುಗಳು. ಆದರೂ ಇದನ್ನು ಬರೆದಿಡಬೇಕೆನ್ನಿಸಿತು. ಜೋಪಾನವಾಗಿ ಇಟ್ಟಿದ್ದೇವೆಂದು ನಾವು ನಂಬಿದ ವಸ್ತು ಬೇಕಾದ ಹೊತ್ತಿನಲ್ಲಿ ಕೈಗೆ ಸಿಗುವುದೇ ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ.

ಮಧುಗಿರಿಯ ಏಕಶಿಲಾ ಬೆಟ್ಟವನ್ನು ನಿಮ್ಮಲ್ಲಿ ಬಹುಮಂದಿ ಹತ್ತಿದ್ದೀರಿ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದರ ನಂತರ ಒಂದನ್ನು ದಾಟಿ ಮೇಲೇರಬೇಕು. ಮೇಲೆ ಹಿಂದಿನವರು ಕಟ್ಟಿದ ಕಣಜಗಳಿವೆ. ಕಣಜ ಒಂದಿರಲಿ, ಎರಡಿರಲಿ, ಕೆಳಗಿನ ಬಾಗಿಲು ತೆರೆಯದಿದ್ದರೆ ಧಾನ್ಯ ಯಾರಿಗೂ ದಕ್ಕದು. ಸರ್ವರ್ ಎಂಬ ಯಂತ್ರದೊಳಗೂ ಇಂಥದೇ ಬಾಗಿಲುಗಳ ಸಾಲಿದೆ. ವಿದ್ಯುತ್ ಹರಿದೊಡನೆ ಮೊದಲು ಎಚ್ಚರಗೊಳ್ಳುವುದು ಬಯಾಸ್ ಎಂಬ ಸಣ್ಣ ತಂತ್ರಾಂಶ. ಅದು ಡಿಸ್ಕಿನ ಮೊತ್ತಮೊದಲ ತುಣುಕನ್ನು ಓದುತ್ತದೆ. ಅಲ್ಲಿರುವ ಬೂಟ್‌ಲೋಡರ್ ಮುಂದಿನ ಹಂತವನ್ನು ಕರೆಯುತ್ತದೆ, ಆ ಹಂತ ಕರ್ನಲ್ ಎಂಬ ಯಜಮಾನನನ್ನು ಎಬ್ಬಿಸುತ್ತದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ಮೇಲಕ್ಕೆತ್ತಿಕೊಳ್ಳುವುದೆಂಬ ಇಂಗ್ಲಿಷ್ ಮಾತಿನಿಂದ ಈ ಕ್ರಿಯೆಗೆ 'ಬೂಟ್' ಎಂಬ ಹೆಸರು ಬಂದಿತಂತೆ.

ಆ ಮೊದಲ ತುಣುಕಿನ ಅಳತೆ ಕೇವಲ 512 ಬೈಟ್. ಅದರಲ್ಲಿ 64 ಬೈಟ್ ಡಿಸ್ಕಿನ ಭಾಗಪತ್ರಕ್ಕೆ, 2 ಬೈಟ್ ಮುದ್ರೆಗೆ ಮೀಸಲು. ಉಳಿದ 446 ಬೈಟ್‌ಗಳಲ್ಲಿ ಇಡೀ ಯಂತ್ರವನ್ನು ಎಬ್ಬಿಸುವ ಮಂತ್ರ ಅಡಗಿರಬೇಕು. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಹಾಗೆ ನೋಡಿದರೆ ನಾವು ಪೋಸ್ಟ್‌ಕಾರ್ಡಿನಲ್ಲಿ ಬರೆಯುತ್ತಿದ್ದ ಕ್ಷೇಮಸಮಾಚಾರವೂ ಅಷ್ಟರಲ್ಲಿ ಹಿಡಿಸದು.

ಇನ್ನು ಕನ್ನಡಿ ಡಿಸ್ಕುಗಳ ವಿಷಯ. ಒಂದು ಡಿಸ್ಕಿನಲ್ಲಿ ಬರೆದುದೆಲ್ಲವೂ ಅದೇ ಕ್ಷಣ ಇನ್ನೊಂದರಲ್ಲಿಯೂ ಬರೆಯಲ್ಪಡುವ ಏರ್ಪಾಡಿಗೆ ರೇಡ್-1 ಎಂದು ಹೆಸರು. 'ರೇಡ್' ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಒಂದು ಡಿಸ್ಕು ಸತ್ತರೂ ಇನ್ನೊಂದು ಕೆಲಸ ನಡೆಸಬೇಕೆಂಬುದು ಇದರ ಉದ್ದೇಶ.

ನಮ್ಮ ಸೀಮೆಗೆ ಇದರ ಅಗತ್ಯವೇನೆಂದು ಕೇಳಬೇಡಿ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ಬಂದು, ಕೈಬರಹದ ಪಹಣಿ ಹೋಗಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗತೊಡಗಿದಾಗಲೇ ರೈತನ ಬದುಕು ಡಿಸ್ಕಿನ ಮೇಲೇರಿತ್ತು. ಶಾಲೆಗಳೂ ಅದೇ ಹಾದಿ ಹಿಡಿದವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ನಾಲ್ಕರಲ್ಲಿಯೂ ಹಳ್ಳಿ ಪ್ರೌಢಶಾಲೆಗಳನ್ನು ನಡೆಸುತ್ತಿದ್ದ ಒಂದು ವಿದ್ಯಾಸಂಸ್ಥೆ, ಹೆಸರು ಇಲ್ಲಿ ಬೇಡ, 2005ರಲ್ಲಿ ತನ್ನ ಹಳೆಯ ದಾಖಲಾತಿ ವಹಿಗಳ ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ, ಮಧುಗಿರಿಯ ಕಚೇರಿಯಲ್ಲಿ ಲಿನಕ್ಸ್ ಸರ್ವರ್ ಒಂದರೊಳಗೆ ಇಡಿಸಿತು. ವಹಿಗಳನ್ನು ತಾಳೆ ನೋಡುವ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಸರ್ವರ್ ಜೋಡಿಸಿಕೊಟ್ಟವರು "ಎರಡು ಡಿಸ್ಕು ಹಾಕಿದ್ದೇವೆ, ಇನ್ನು ಚಿಂತೆ ಬೇಡ" ಎಂದು ಹೇಳಿ ಹೋದರು.

2007ರ ಸೆಪ್ಟೆಂಬರಿನ ಒಂದು ಶನಿವಾರ ಪಾವಗಡದ ಕಡೆಯ ಹೆಣ್ಣುಮಗಳೊಬ್ಬಳು ಬಸ್ಸು ಹಿಡಿದು ಆ ಕಚೇರಿಗೆ ಬಂದಳು. ಎಂಟನೆಯ ತರಗತಿಗೆ ಓದು ನಿಲ್ಲಿಸಿದ್ದವಳು. ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಲು ಜನ್ಮದಿನಾಂಕದ ದಾಖಲೆ ಬೇಕಿತ್ತು. ಸೋಮವಾರವೇ ಕೊನೆಯ ದಿನ. ಆಕೆಯ ಶಾಲೆಯ ಮೂಲ ವಹಿಯನ್ನು ಅದಾಗಲೇ ಗೆದ್ದಲು ತಿಂದಿತ್ತು. ಉಳಿದಿದ್ದುದು ಸರ್ವರಿನಲ್ಲಿದ್ದ ಚಿತ್ರ ಮಾತ್ರ. ಹಿಂದಿನ ರಾತ್ರಿ ಕರೆಂಟು ಹತ್ತಾರು ಬಾರಿ ಹೋಗಿ ಬಂದು ಮೊದಲನೆಯ ಡಿಸ್ಕು ಸತ್ತಿತ್ತು. ಪರದೆಯ ಮೇಲೆ, ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲವೆಂಬ ಒಂದೇ ಸಾಲು.

"ಹಂಗಾದ್ರೆ ನನ್ನ ಹೆಸರು ಅದರಾಗೆ ಇಲ್ವಾ ಮೇಷ್ಟ್ರೇ?" ಎಂದು ಆಕೆ ಕೇಳಿದಳು. ಉತ್ತರ ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಬೆಂಗಳೂರಿನಲ್ಲಿ ಸರ್ವರುಗಳ ಉಸ್ತುವಾರಿ ನೋಡುತ್ತಿದ್ದ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೊರಟಗೆರೆ ಬಳಿಯ ತನ್ನೂರಿಗೆ ರಜೆಯ ಮೇಲೆ ಬಂದಿದ್ದ. ಫೋನು ಮಾಡಿದೆ, ಮಧ್ಯಾಹ್ನದ ಹೊತ್ತಿಗೆ ಬಂದ. ಪರದೆಯ ಸಾಲನ್ನು ಓದಿ, "ಮಾಹಿತಿ ಹೋಗಿಲ್ಲ ಸಾರ್, ಬಾಗಿಲು ಹೋಗಿದೆ" ಎಂದ.

ಅವನು ವಿವರಿಸಿದ್ದು ಹೀಗೆ. ಲಿನಕ್ಸಿನ ತಂತ್ರಾಂಶ ರೇಡ್‌ನಲ್ಲಿ ಸಾಮಾನ್ಯವಾಗಿ ಕನ್ನಡಿಯಾಗುವುದು ಡಿಸ್ಕಿನ ಭಾಗಗಳು, ಅಂದರೆ ಪಾರ್ಟಿಷನ್‌ಗಳು. ಬೂಟ್‌ಲೋಡರ್ ಕುಳಿತಿರುವ ಮೊದಲ ತುಣುಕು ಯಾವ ಭಾಗಕ್ಕೂ ಸೇರಿದ್ದಲ್ಲ. ಆದ್ದರಿಂದ ಅದು ಕನ್ನಡಿಯಲ್ಲಿ ಕಾಣುವುದಿಲ್ಲ. ಜೋಡಿಸಿದವರು ಗ್ರಬ್ ಎಂಬ ಬೂಟ್‌ಲೋಡರನ್ನು ಮೊದಲ ಡಿಸ್ಕಿಗೆ ಮಾತ್ರ ಬರೆದಿದ್ದರು. ಎರಡನೆಯದರಲ್ಲಿ ಸಾವಿರಾರು ಪುಟಗಳಿದ್ದವು, ಎಬ್ಬಿಸುವ 446 ಬೈಟ್ ಇರಲಿಲ್ಲ. (ಇಡೀ ಡಿಸ್ಕನ್ನೇ ನಕಲು ಮಾಡುವ ರೇಡ್ ಕಾರ್ಡುಗಳಿದ್ದಲ್ಲಿ ಆ ತುಣುಕೂ ನಕಲಾಗುತ್ತದೆ, ಅಲ್ಲಿ ಈ ತೊಂದರೆ ಬಾರದು.)

ಆ ದಿನ ಅವನು ಅನುಸರಿಸಿದ ಕ್ರಮವನ್ನು ನನ್ನ ದಿನಚರಿಯಲ್ಲಿ ಬರೆದುಕೊಂಡಿದ್ದೆ. ಮೊದಲು ಸತ್ತ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟ. ಆ ಕಾಲದಲ್ಲಿ ಉಬುಂಟು ಸಿ.ಡಿ.ಗಳು ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಬರುತ್ತಿದ್ದವು, 2011ರಲ್ಲಿ ಅದು ನಿಂತಿತು. ಅಂಥದೊಂದು ಸಿ.ಡಿ.ಯಿಂದ ಯಂತ್ರವನ್ನು ಎಬ್ಬಿಸಿದ. ಎಂಡಿಎಡಿಎಂ ಎಂಬ ಆದೇಶದಿಂದ ಉಳಿದ ಒಂಟಿ ಡಿಸ್ಕಿನಲ್ಲಿಯೇ ರೇಡ್ ಚಾಲೂ ಮಾಡಿದ. ಅದರ ಸ್ಥಿತಿ ತೋರುವ ಸಾಲಿನಲ್ಲಿ ಎರಡು 'ಯು' ಅಕ್ಷರಗಳಿರಬೇಕಾದಲ್ಲಿ ಒಂದು 'ಯು' ಮತ್ತು ಒಂದು ಅಡಿಗೆರೆ ಇದ್ದವು: ಒಬ್ಬ ಹಾಜರು, ಒಬ್ಬ ಗೈರು.

ಆಮೇಲೆ ಅವನು ಮಾಡಿದ್ದು ನನಗೆ ಬಹಳ ಹಿಡಿಸಿತು. ದುರಸ್ತಿಗೆ ಕೈ ಹಾಕುವ ಮುನ್ನ ವಹಿಗಳ ಚಿತ್ರಗಳೆಲ್ಲವನ್ನೂ ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿದ. "ರೋಗಿಯ ಉಸಿರು ಭದ್ರವಾಗಲಿ ಸಾರ್, ಶಸ್ತ್ರಚಿಕಿತ್ಸೆ ಆಮೇಲೆ" ಎಂದ. ಆ ಹೆಣ್ಣುಮಗಳ ಪುಟ ಅಲ್ಲಿಯೇ ತೆರೆದುಕೊಂಡಿತು. ಮುದ್ರಿಸಿ, ಮುಖ್ಯೋಪಾಧ್ಯಾಯರಿಂದ ದೃಢೀಕರಿಸಿಕೊಂಡು, ಸಂಜೆಯ ಬಸ್ಸಿಗೆ ಆಕೆ ಹೊರಟಳು.

ನಂತರ ಗ್ರಬ್‌ನ ಆದೇಶಗಳನ್ನು ಕೊಟ್ಟು ಒಂಟಿ ಡಿಸ್ಕಿಗೆ ಬಾಗಿಲು ಬರೆದ, ಸಿ.ಡಿ. ತೆಗೆದಾಗ ಯಂತ್ರ ತಾನಾಗಿಯೇ ಎದ್ದಿತು. ಮರುದಿನ ತುಮಕೂರಿನಿಂದ ಹೊಸ ಡಿಸ್ಕು ತರಿಸಿ, ಹಳೆಯದರ ಭಾಗಪತ್ರವನ್ನು ಅದಕ್ಕೆ ನಕಲಿಸಿ, ಜೋಡಿಗೆ ಸೇರಿಸಿ, ಅದಕ್ಕೂ ಗ್ರಬ್ ಬರೆದ. ಎರಡು 'ಯು' ಕಾಣಿಸಿಕೊಂಡವು. ನಾವು ಸಂತೋಷಪಡುವಷ್ಟರಲ್ಲಿ ಅವನು ಯಂತ್ರ ಆರಿಸಿ ಹಳೆಯ ಡಿಸ್ಕಿನ ತಂತಿಯನ್ನು ಬಿಚ್ಚಿದ! ಪರದೆಯ ಮೇಲೆ 'ಗ್ರಬ್' ಎಂದು ಬಂದು, ಹಿಂದೆಯೇ 'ಎರರ್ 21' ಎಂದಿತು.

ಈ ಅಂಕಿಗೆ ಅರ್ಥವಿದೆ. ಗ್ರಬ್ ಡಿಸ್ಕುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಹೊಸ ಡಿಸ್ಕು ಎರಡನೆಯ ಸ್ಥಾನದಲ್ಲಿದ್ದಾಗ ಬರೆದ ಬಾಗಿಲು "ಒಂದನೆಯ ಸಂಖ್ಯೆಯ ಡಿಸ್ಕಿಗೆ ಹೋಗು" ಎನ್ನುತ್ತಿತ್ತು. ಜೊತೆಯದು ಇಲ್ಲವಾದಾಗ ಅದೇ ಸೊನ್ನೆಯ ಸಂಖ್ಯೆಯದಾಯಿತು. ಹೇಳಿದ ಡಿಸ್ಕೇ ಇಲ್ಲವೆಂದು ಯಂತ್ರ ನಿಂತಿತು. ಪರಿಹಾರವೆಂದರೆ, ಎರಡನೆಯ ಡಿಸ್ಕನ್ನೇ ಸೊನ್ನೆಯೆಂದು ತಿಳಿ ಎಂದು ಗ್ರಬ್‌ಗೆ ಮೊದಲೇ ಹೇಳಿ ಬರೆಯುವುದು. ಹಾಗೆ ಬರೆದ ಮೇಲೆ ಯಾವ ತಂತಿ ಬಿಚ್ಚಿದರೂ ಯಂತ್ರ ಎದ್ದಿತು. ಆ ಹಳೆಯ ಗ್ರಬ್‌ನಲ್ಲಿ ಎರರ್ 15 ಎಂದರೆ ಕಡತ ಸಿಗಲಿಲ್ಲ, 17 ಎಂದರೆ ಆ ಭಾಗವನ್ನು ಓದಲಾಗಲಿಲ್ಲ, 22 ಎಂದರೆ ಆ ಭಾಗವೇ ಇಲ್ಲ ಎಂದು ಅವನು ಹೇಳಿಕೊಟ್ಟ. ದೋಷಸಂಖ್ಯೆ ಬೈಗುಳವಲ್ಲ, ಯಾವ ಬಾಗಿಲಿನವರೆಗೆ ಬಂದೆವೆಂಬ ಮೈಲಿಗಲ್ಲು.

ಈಗ ಕಾಲ ಬದಲಾಗಿದೆ. ಗ್ರಬ್-2 ಬಂದು ರೇಡ್ ಜೋಡಿಯನ್ನು ತಾನೇ ಗುರುತಿಸುತ್ತದೆ. ಡೆಬಿಯನ್‌ನಂಥ ವ್ಯವಸ್ಥೆಗಳಲ್ಲಿ ಬೂಟ್‌ಲೋಡರನ್ನು ಯಾವ ಯಾವ ಡಿಸ್ಕಿಗೆ ಬರೆಯಬೇಕೆಂದು ಕೇಳುವ ಪಟ್ಟಿ ಬರುತ್ತದೆ. ಅಲ್ಲಿ ಎರಡಕ್ಕೂ ಗುರುತು ಹಾಕಬೇಕು. ಬಯಾಸ್ ಜಾಗಕ್ಕೆ ಬಂದಿರುವ ಯುಇಎಫ್ಐ ಪದ್ಧತಿಯಲ್ಲಿ ಬೂಟ್‌ಲೋಡರ್ ಇರುವುದು ಇಎಸ್‌ಪಿ ಎಂಬ ಪುಟ್ಟ ಭಾಗದಲ್ಲಿ. ಸಾಮಾನ್ಯವಾಗಿ ಅದೂ ಕನ್ನಡಿಯ ಹೊರಗೇ ಉಳಿಯುತ್ತದೆ. ಎರಡು ಡಿಸ್ಕಿಗೂ ಒಂದೊಂದು ಇಎಸ್‌ಪಿ ಮಾಡಿ, ಎರಡರಲ್ಲಿಯೂ ಬೂಟ್‌ಲೋಡರ್ ಇರಿಸಬೇಕು. ಹೆಸರು ಬೇರೆಯಾದರೂ ಸಂಕಟ ಅದೇ.

ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಮನೆಯ ತುಂಬ ಪುಸ್ತಕವಿದ್ದು ಮಗುವಿಗೆ ಅಕ್ಷರಾಭ್ಯಾಸವಾಗದಿದ್ದರೆ ಅಷ್ಟೂ ಪುಸ್ತಕ ಬೀಗ ಹಾಕಿದ ಕಣಜವೇ. ಅಕ್ಷರವೂ 446 ಬೈಟಿನಂತೆ ಅತ್ಯಲ್ಪ. ಆದರೆ ಅದಿಲ್ಲದೆ ಮುಂದಿನದು ಯಾವುದೂ ತೆರೆಯದು. ಆ ಹೆಣ್ಣುಮಗಳ ದಾಖಲೆ ನಾಶವಾಗಿರಲಿಲ್ಲ. ಇದ್ದೂ ಇಲ್ಲದಂತಾಗಿತ್ತು. ಇಂಥ 'ಇಲ್ಲ'ದ ಮುಂದೆ ಬಡವರು ಎಷ್ಟು ಬಾರಿ ಬಸ್ಸು ಹತ್ತಿ ಬರಿಗೈಯಲ್ಲಿ ಮರಳಿಲ್ಲ!

ಆದ್ದರಿಂದ ಶಾಲೆ, ಸಹಕಾರ ಸಂಘ, ಕಚೇರಿಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಸರ್ವರಿನಲ್ಲಿ ಎರಡು ಡಿಸ್ಕುಗಳಿದ್ದರೆ, ಮೊದಲು ಹೊರಗೆ ಒಂದು ನಕಲು ತೆಗೆದುಕೊಂಡು, ರಜೆಯ ದಿನ ಯಂತ್ರ ಆರಿಸಿ, ತಿಳಿದವರನ್ನು ಎದುರಿಗಿಟ್ಟುಕೊಂಡು, ಒಂದನ್ನು ಬಿಚ್ಚಿ ಏಳುತ್ತದೆಯೇ ನೋಡಿ. ಜೋಡಿ ಪುನಃ ಪೂರ್ತಿಯಾದ ಮೇಲೆ ಇನ್ನೊಂದನ್ನು ಬಿಚ್ಚಿ ನೋಡಿ. ಎಬ್ಬಿಸುವ ಕ್ರಮವನ್ನು ಕಾಗದದಲ್ಲಿ ಬರೆದು ಯಂತ್ರದ ಪೆಟ್ಟಿಗೆಗೇ ಅಂಟಿಸಿ. ಯಂತ್ರದೊಳಗೆ ಬರೆದಿಟ್ಟರೆ ಆ ಹೊತ್ತಿಗೆ ಓದಲಾಗದು. ಕನ್ನಡಿಯನ್ನೇ ಬ್ಯಾಕಪ್ ಎಂದು ತಿಳಿಯಬೇಡಿ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಅಳಿಯುತ್ತದೆ. ಮೂರನೆಯ ಪ್ರತಿಯೊಂದು ಬೇರೆ ಊರಿನಲ್ಲಿರಲಿ. ಆ ಸಂಸ್ಥೆಯವರು ಅಂದಿನಿಂದ ಶಿರಾದ ತಮ್ಮ ಶಾಲೆಯ ಕಬ್ಬಿಣದ ಬೀರುವಿನಲ್ಲಿ ಒಂದು ಡಿಸ್ಕು ಇಟ್ಟು, ತಿಂಗಳಿಗೊಮ್ಮೆ ಬದಲಿಸತೊಡಗಿದರು.

ಹೀಗೆ ಪರೀಕ್ಷಿಸಿದವರು ಏನಾಯಿತೆಂದು ನನಗೆ ಬರೆಯಿರಿ. ಏಳಲಿಲ್ಲವೆಂದಾದರೆ ಸಂಕೋಚ ಬೇಡ. ಅರ್ಜಿದಾರರು ಬಾಗಿಲಲ್ಲಿ ನಿಲ್ಲುವ ಮೊದಲೇ ಅದು ತಿಳಿದದ್ದು ಒಳ್ಳೆಯದೇ ಆಯಿತು.