ಕಂದನಿಗೆ ಬಟ್ಟೆ ಸುತ್ತುವ ಮುನ್ನ

ಶಿಶುಪಾಲನೆಯ ಇಂಗ್ಲಿಷ್ ಪುಸ್ತಕಗಳಲ್ಲಿ, ಆಸ್ಪತ್ರೆಯವರು ಕೊಡುವ ಸೂಚನಾ ಪತ್ರಗಳಲ್ಲಿ ‘ಸ್ವಾಡಲ್’ ಎಂಬ ಕ್ರಿಯಾಪದ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಎಳೆಗೂಸನ್ನು ಬಟ್ಟೆಯಲ್ಲಿ ಬೆಚ್ಚಗೆ ಸುತ್ತುವುದು ಎಂದು ಅದರರ್ಥ. ಬರೀ ಸುತ್ತುವುದಕ್ಕಾದರೆ ಇಂಗ್ಲಿಷರಲ್ಲಿ ‘ರ‍್ಯಾಪ್’ ಇದೆ. ಉಡುಗೊರೆಯ ಪೆಟ್ಟಿಗೆಗೂ ಅದೇ, ಊಟದ ಪೊಟ್ಟಣಕ್ಕೂ ಅದೇ. ಸ್ವಾಡಲ್ ಮಾತ್ರ ಮಗುವಿಗೆ ಮೀಸಲಾದ ಪದ. ಚಳಿಗೆ ಕಂಬಳಿಯೊಳಗೆ ಮುದುಡಿದ ದೊಡ್ಡವರ ಬಗ್ಗೆ ಬಳಸಿದರೂ ‘ಮಗುವಿನಂತೆ’ ಎಂಬ ಛಾಯೆ ಬಿಟ್ಟು ಹೋಗುವುದಿಲ್ಲ.

ಅರಬಿಯ ‘ಮುಝ್ಝಮ್ಮಿಲ್’ ಎಂಬ ಪದವನ್ನು ಕುರ್‌ಆನ್‌ನ 73ನೇ ಅಧ್ಯಾಯದ ಹೆಸರಾಗಿ ನಾವೆಲ್ಲ ಬಲ್ಲೆವು. ಹೊದ್ದುಕೊಂಡವರು ಎಂದರ್ಥ. ಅಲ್ಲಿ ಹೊದೆಯುವವರಿಗೆ ಸ್ವಂತ ಇಚ್ಛೆಯಿದೆ. ಸ್ವಾಡಲ್‌ನಲ್ಲಿ ಸುತ್ತುವವರು ಒಬ್ಬರು, ಸುತ್ತಿಸಿಕೊಳ್ಳುವವರು ಇನ್ನೊಬ್ಬರು. ಬೇಡವೆನ್ನಲು ಆ ಕೂಸಿಗೆ ಅಳುವೊಂದೇ ದಾರಿ.

ಈ ಪದಕ್ಕೆ ಅಷ್ಟೇನೂ ಮೃದುವಲ್ಲದ ಚರಿತ್ರೆಯೂ ಇದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಹಝ್ರತ್ ಈಸಾ(ಅ)ರ ಜನನದ ಪ್ರಸಂಗದಲ್ಲಿ ಈ ಬಟ್ಟೆಯ ಮಾತು ಬರುತ್ತದೆ. ಆ ಕಾಲದ ಯುರೋಪಿನಲ್ಲಿ ಉದ್ದನೆಯ ಪಟ್ಟಿಗಳಿಂದ ಕೂಸಿನ ಕೈಕಾಲುಗಳನ್ನು ನೆಟ್ಟಗೆ ಬಿಗಿಯುತ್ತಿದ್ದರು. ಹಾಗೆ ಮಾಡದಿದ್ದರೆ ಮೂಳೆ ಡೊಂಕಾಗುತ್ತದೆಂಬ ಭಯ. 1748ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಕ್ಯಾಡೊಗನ್, 1762ರಲ್ಲಿ ‘ಎಮಿಲ್’ ಗ್ರಂಥದಲ್ಲಿ ರೂಸೋ ಇದನ್ನು ಬಲವಾಗಿ ಖಂಡಿಸಿದರು.

ಆ ಭಯ ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲ ಸಹೋದರಿಯರೇ. ನನ್ನ ತಂಗಿಯ ಮಗಳ ಕೂಸು ಗರ್ಭದಲ್ಲಿ ತಲೆ ಮೇಲಾಗಿ ಕುಳಿತಿತ್ತು, ಹೆಣ್ಣು ಮಗು. ಸೊಂಟದ ಕೀಲಿನ ಬಗ್ಗೆ ಎಚ್ಚರವಿರಲಿ, ಆರು ವಾರಕ್ಕೆ ಸ್ಕ್ಯಾನಿಂಗ್ ಮಾಡಿಸಿ ಎಂದು ವೈದ್ಯರು ಬರೆದುಕೊಟ್ಟಿದ್ದರು. ಇತ್ತ ನನ್ನ ತಂಗಿ ಹಳೆಯ ಹತ್ತಿ ಸೀರೆಯ ತುಂಡು ಹಿಡಿದು, ಮೊಮ್ಮಗಳ ಎರಡೂ ಕಾಲುಗಳನ್ನು ಜೋಡಿಸಿ ನೀಡಿ ಬಿಗಿಯಾಗಿ ಸುತ್ತುತ್ತಿದ್ದಳು. “ಖಾಲಾ, ಅಮ್ಮಿಗೆ ನೀವೇ ಹೇಳಿ” ಎಂದು ಹುಡುಗಿ ಫೋನ್ ಮಾಡಿದಳು.

ಹೋದೆ, ಹೇಳಿದೆ. “ನೀನು, ನಾನು ಎಲ್ಲ ಹೀಗೇ ಬೆಳೆದವರಲ್ಲವೇ ಆಪಾ? ಯಾರು ಕುಂಟಾದರು?” ಎಂದಳು ತಂಗಿ. ಪ್ರಶ್ನೆ ನ್ಯಾಯವಾದದ್ದೇ. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಆದರೆ ತೊಡೆಮೂಳೆಯ ಗುಂಡುತಲೆ ಕೂರುವ ಸೊಂಟದ ಬಟ್ಟಲು ನವಜಾತ ಶಿಶುವಿನಲ್ಲಿ ಆಳವಿಲ್ಲ, ಗಟ್ಟಿಯೂ ಆಗಿರುವುದಿಲ್ಲ. ಕೀಲು ಸಡಿಲವಿರುವ ಮಗುವಿನ ಕಾಲನ್ನು ನೇರವಾಗಿ ಬಿಗಿದಿಟ್ಟರೆ ಆ ಗುಂಡು ಬಟ್ಟಲಿನಿಂದ ಜಾರಬಹುದು. ತಲೆ ಮೇಲಾಗಿದ್ದ ಮಕ್ಕಳಲ್ಲಿ, ಅದರಲ್ಲೂ ಹೆಣ್ಣು ಮಕ್ಕಳಲ್ಲಿ, ಈ ಅಪಾಯ ಹೆಚ್ಚು. ಜಪಾನಿನಲ್ಲಿ 1970ರ ದಶಕದ ನಡುವೆ ಕಾಲು ನೀಡಿ ಬಿಗಿಯುವುದನ್ನು ಬಿಡಿಸುವ ಪ್ರಚಾರ ನಡೆದ ಮೇಲೆ ಸೊಂಟದ ಕೀಲು ತಪ್ಪುವುದು ಬಹಳ ಕಡಿಮೆಯಾಯಿತು. ಇಷ್ಟು ಹೇಳಿದರೂ ತಂಗಿಯ ಮುಖ ಸಡಿಲವಾಗಲಿಲ್ಲ. ಕಂಕುಳಲ್ಲಿ ಎತ್ತಿಕೊಂಡ ಮಗು ಕಾಲನ್ನು ಅಗಲಿಸಿ ನಮ್ಮ ಸೊಂಟಕ್ಕೆ ಅಂಟಿ ಕೂರುತ್ತದಲ್ಲ, ಕೀಲಿಗೆ ಅದೇ ಒಳ್ಳೆಯದು ಎಂದಾಗ ಮಾತ್ರ “ಹಾಗೋ!” ಎಂದಳು. ಅತ್ತೆ ಮಾಡಿದ್ದನ್ನು ಸೊಸೆ, ತಾಯಿ ಮಾಡಿದ್ದನ್ನು ಮಗಳು ‘ತಪ್ಪು’ ಎಂದರೆ ಮನೆಯಲ್ಲಿ ಬಿರುಕು ಬೀಳುತ್ತದೆ. ಗೊತ್ತಿರುವುದಕ್ಕೆ ಜೋಡಿಸಿ ಹೇಳಿದರೆ ಹಿರಿಯರೂ ಒಪ್ಪುತ್ತಾರೆ.

ಸುತ್ತುವುದೇ ಬೇಡ ಎಂದಲ್ಲ. ನಿದ್ದೆಯಲ್ಲಿ ಬೆಚ್ಚಿ ಕೈ ಚಾಚುವ ಕೂಸಿಗೆ ಅದು ನೆಮ್ಮದಿ ಕೊಡುತ್ತದೆ. ತೆಳುವಾದ ಹತ್ತಿ ಬಟ್ಟೆಯಿರಲಿ. ಎದೆಯ ಬಳಿ ನಿಮ್ಮ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಸೊಂಟದಿಂದ ಕೆಳಗೆ ಚೀಲದಂತೆ ಬಿಡಿ, ಕಪ್ಪೆಯಂತೆ ಕಾಲು ಮಡಚಿ ಆಡಿಸಲು ಜಾಗ ಬೇಕು. ನಮ್ಮ ಸೆಕೆಯಲ್ಲಿ ಟೊಪ್ಪಿ, ಉಣ್ಣೆಯ ಶಾಲು ಎಲ್ಲ ಸೇರಿಸಬೇಡಿ. ಕತ್ತಿನ ಹಿಂಭಾಗ ಬೆವೆತಿದ್ದರೆ ಬಟ್ಟೆ ತೆಗೆಯಿರಿ. ಸುತ್ತಿದ ಮಗುವನ್ನು ಅಂಗಾತವೇ ಮಲಗಿಸಬೇಕು. ಮಗ್ಗುಲಾಗುವ ಪ್ರಯತ್ನ ಶುರುವಾದ ದಿನವೇ ಸುತ್ತುವುದನ್ನು ನಿಲ್ಲಿಸಬೇಕು. ಕವುಚಿ ಬಿದ್ದರೆ ಕೈ ಊರಿ ಮುಖ ಎತ್ತಲು ಅದಕ್ಕೆ ಆಗುವುದಿಲ್ಲ. ಕೆಲವು ಮಕ್ಕಳು ಮೂರು ತಿಂಗಳು ತುಂಬುವ ಮೊದಲೇ ಹೊರಳಲು ನೋಡುತ್ತವೆ. ಆದ್ದರಿಂದ ಕ್ಯಾಲೆಂಡರ್ ನೋಡದೆ ಮಗುವನ್ನೇ ನೋಡುತ್ತಿರಿ.