ಬುದ್ಧನಿಗೂ ಕಡಲಿಗೂ ಬೆನ್ನು ತಿರುಗಿಸದಿರಿ

ಶ್ರೀಲಂಕಾದ ಬೌದ್ಧ ದೇವಾಲಯಗಳಲ್ಲಿ ಚಪ್ಪಲಿಯ ಜೊತೆಗೆ ಟೋಪಿಯನ್ನೂ ತೆಗೆಯಬೇಕು. ಭುಜ, ಮೊಣಕಾಲು ಮುಚ್ಚಿರಬೇಕು. ಇದು ನಮ್ಮವರಿಗೆ ಕಷ್ಟವಲ್ಲ. ಎಡವುವುದು ಫೋಟೊ ತೆಗೆಸಿಕೊಳ್ಳುವಾಗ. ಬುದ್ಧನ ಮೂರ್ತಿಗೆ ಬೆನ್ನು ತಿರುಗಿಸಿ ನಿಲ್ಲುವುದು ಅಲ್ಲಿ ಅಗೌರವ. 2012ರಲ್ಲಿ ಮೂರ್ತಿಗೆ ಮುತ್ತಿಡುವಂತೆ ಫೋಟೊ ತೆಗೆಸಿಕೊಂಡ ಫ್ರಾನ್ಸಿನ ಪ್ರವಾಸಿಗರಿಗೆ ಗಾಲೆಯ ನ್ಯಾಯಾಲಯ 6 ತಿಂಗಳ ಜೈಲು ಶಿಕ್ಷೆ ವಿಧಿಸಿ, ಅದನ್ನು ಅಮಾನತಿನಲ್ಲಿಟ್ಟಿತು.

ಕಡಲಿಗೆ ಬೆನ್ನು ತಿರುಗಿಸಿದವರಿಗೆ ಅಂಥ ರಿಯಾಯಿತಿಯಿಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನಿಂದ ಗಾಲೆ, ಹಿಕ್ಕಡುವ ಕಡೆಯ ಸಮುದ್ರ ಒರಟು. ಆಗ ಪೂರ್ವದ ಟ್ರಿಂಕೋಮಲಿ ಶಾಂತ. ದಡಕ್ಕೆ ಬಂದ ಅಲೆಗಳ ನೀರು ಕೆಲವೆಡೆ ಕಿರಿದಾದ ಹಾದಿಯಲ್ಲಿ ಒಟ್ಟಾಗಿ ಹಿಂದಕ್ಕೆ ನುಗ್ಗುತ್ತದೆ. ಅಲೆಯೊಡೆಯದೆ, ನೋಡಲು ಸಾಧುವಾಗಿ ಕಾಣುವ ಆ ಪಟ್ಟಿಗೇ ಮಕ್ಕಳು ಇಳಿಯುತ್ತಾರೆ! ಈ ಸೆಳೆತ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದಕ್ಕೆ ಎದುರಾಗಿ ಈಜಿದರೆ ಪಳಗಿದ ಈಜುಗಾರನೂ ಸೋಲುತ್ತಾನೆ. ಗಾಬರಿಯಾಗದೆ ತೇಲುತ್ತ ಕೈಯೆತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾಂತರವಾಗಿ ಈಜಿ ಪಟ್ಟಿಯಿಂದ ಹೊರಬರಬೇಕು.

ಕೆಂಪು ಬಾವುಟ ಹಾರುತ್ತಿದ್ದರೆ ಮೊಣಕಾಲುದ್ದದ ನೀರೂ ಬೇಡ. ಬಾವುಟವೇ ಇಲ್ಲದ ಕಡೆ, ಇಳಿಯುವ ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ.